ರಾತ್ರಿಯ ಉಪ್ಪಿಟ್ಟು

ಬಸವನಗುಡಿಯ ಆ ಉದ್ಯೋಗಸ್ಥ ಗೃಹಿಣಿ ಕಚೇರಿಯಿಂದ ಮನೆ ಸೇರುವಾಗ 7-30 ಆಗಿರುತ್ತಿತ್ತು. ಮಕ್ಕಳಿಗೆ ಹಸಿವು, ಅತ್ತೆಯವರಿಗೆ ಗುಳಿಗೆಯ ನಿಯಮ, 8 ಗಂಟೆಗೆ ಊಟವಾಗಲೇಬೇಕು. ಭಾನುವಾರವೇ ಹುರಿದು ಡಬ್ಬಿಯಲ್ಲಿಟ್ಟ ರವೆಯೇ ಆಗ ಆಪದ್ಬಂಧು. ಒಗ್ಗರಣೆ ಸಿಡಿಸಿ, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಕುದಿಸಿಕೊಂಡರೆ ಉಳಿದುದು ಐದು ನಿಮಿಷದ ಕೆಲಸ. (ಅವಸರವೆಂದು ಹಸಿ ರವೆ ಸುರಿದವರು ಮುದ್ದೆಯನ್ನೇ ಉಣ್ಣಬೇಕಾದೀತು!)

ಎಲ್ಲರಿಗೂ ಬಡಿಸಿ ಆಕೆ ತಟ್ಟೆಯ ಮುಂದೆ ಕೂಡುವ ವೇಳೆಗೆ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತಿತ್ತು. ಅದನ್ನು ಗಮನಿಸುವ ಪುರುಸೊತ್ತು ಯಾರಿಗಿತ್ತು?

ಒಂದು ರಾತ್ರಿ ಅತ್ತೆಯವರು ತಟ್ಟೆ ಮುಟ್ಟದೆ ಕುಳಿತರು.

“ಗುಳಿಗೆ ಹತ್ತು ನಿಮಿಷ ಕಾದರೆ ಮುಳುಗಿಹೋಗುವುದೇನು? ನೀನೂ ತಟ್ಟೆ ಹಾಕಿಕೊಳ್ಳಮ್ಮ.”

ಪತಿರಾಯರು ಮೆಲ್ಲನೆ ಎದ್ದು ಸೌಟು ಹಿಡಿದರು. ಅಂದು ಊಟ ಆರಂಭವಾದುದು 8-10ಕ್ಕೆ.