ಸಾಹೇಬರ ಅರಮನೆ, ನಮ್ಮ ಮಾಳಿಗೆ

ಪ್ರೀತಿಯ ತಂಗೀ,

ಆಳಂದದಲ್ಲಿ ಎಲ್ಲರೂ ಕ್ಷೇಮ. ತೊಗರಿ ಹೂವಿಗೆ ಬಂದಿದೆ, ಮಂಜು ಬಿದ್ದು ಉದುರೀತೆಂದು ಕಾಕಾಗೆ ಒಂದೇ ಚಿಂತೆ. ಮೈಸೂರು ಸೇರಿದ ಮೇಲೆ ನೀನು ಖಾರ ಕಡಿಮೆ ಮಾಡಿದ್ದೀಯಂತೆ! ದೊಡ್ಡವ್ವನಿಗೆ ಇನ್ನೂ ಹೇಳಿಲ್ಲ, ಹೆದರಬೇಡ.

ಅರಮನೆ ನೋಡಿ ಮರುಳಾಗಿ ನೀನು ಬರೆದ ಪತ್ರ ಓದಿ ನಗು ಬಂತು, ಹೆಮ್ಮೆಯೂ ಆಯಿತು. ಅದರ ನಕ್ಷೆ ಮಾಡಿದ ಹೆನ್ರಿ ಇರ್ವಿನ್ ಸಾಹೇಬರು ಐರ್ಲೆಂಡಿನವರು, ಶಿಮ್ಲಾದ ವೈಸ್‌ರಾಯ್ ನಿವಾಸ ಕಟ್ಟಿಸಿ ಹೆಸರಾದವರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ ಮರದ ಹಳೆಯ ಅರಮನೆ ಸುಟ್ಟುಹೋಯಿತಲ್ಲ, ಮಗ ಇನ್ನೂ ಚಿಕ್ಕವರೆಂದು ರಾಜ್ಯಭಾರ ಹೊತ್ತಿದ್ದ ವಾಣಿವಿಲಾಸ ಸನ್ನಿಧಾನದವರು ಆ ಸಂಕಟದಲ್ಲೇ ಇರ್ವಿನ್ ಸಾಹೇಬರಿಗೆ ಕೆಲಸ ಒಪ್ಪಿಸಿದರು. ಮತ್ತೆ ಬೆಂಕಿ ಬೀಳಬಾರದೆಂದು ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಕಂಬ ಮುಟ್ಟಿ ನೋಡು, ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದದ್ದು ಅದು. 1912ಕ್ಕೆ ಅರಮನೆ ಮುಗಿಯಿತು. ಬೆಂಗಳೂರಿನ ಅಠಾರಾ ಕಚೇರಿ ಕಟ್ಟಿಸಿದ ಸ್ಯಾಂಕಿ ಸಾಹೇಬರೂ ಐರ್ಲೆಂಡಿನವರೇ. ನಿವೃತ್ತಿಯ ನಂತರ ಊರಿಗೆ ಮರಳಿ, ಡಬ್ಲಿನ್‌ನಲ್ಲಿ ಅಲ್ಲಿನ ಲೋಕೋಪಯೋಗಿ ಮಂಡಳಿಗೆ ಅಧ್ಯಕ್ಷರಾದರು.

ಇಷ್ಟೆಲ್ಲ ನಮಗೆ ಗೊತ್ತಿರುವುದು ಈ ಸಾಹೇಬರುಗಳ ಲೆಕ್ಕಪತ್ರ, ನಕ್ಷೆ ಉಳಿದದ್ದರಿಂದ. ನಮ್ಮ ಕಡೆಯ ಹಳೆಯ ಮನೆಗಳಿಗೆ ಆ ಭಾಗ್ಯವಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಅಫಜಲಪುರ, ಜೇವರ್ಗಿ ಕಡೆ ಹೋದಾಗೆಲ್ಲ ಯಾವುದೋ ವಾಡೆಯ ಗೋಡೆ ಕೆಡವಿದ್ದು ಕಣ್ಣಿಗೆ ಬೀಳುತ್ತದೆ. ನಮ್ಮ ಅಜ್ಜಿ ಮನೆಯನ್ನೇ ನೆನಪಿಸಿಕೋ. ಮೊಳಕ್ಕಿಂತ ದಪ್ಪದ ಗೋಡೆ, ಅದರಲ್ಲೇ ಕೊರೆದ ದೀಪದ ಗೂಡು, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ, ಕೆಳಗೆ ಶಹಾಬಾದ್ ಫರಸಿ. ಮೇ ತಿಂಗಳ ಬಿಸಿಲಿನಲ್ಲೂ ಆ ಪಡಸಾಲಿಯಲ್ಲಿ ಮಲಗಿದರೆ ಬೆನ್ನಿಗೆ ತಂಪು. ಈಗಿನ ಸಿಮೆಂಟ್ ಮನೆಯಲ್ಲಿ ರಾತ್ರಿಯೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಬೆಂಕಿಗೆ ಹೆದರಿ ಇರ್ವಿನ್ ಸಾಹೇಬರು ಕಬ್ಬಿಣ ತರಿಸಿದರೆ, ಬಿಸಿಲಿಗೆ ಹೆದರಿ ನಮ್ಮ ಗೌಂಡಿಗಳು ಮಣ್ಣು ಹೇರಿದರು. ಬುದ್ಧಿ ಎರಡೂ ಕಡೆ ಒಂದೇ.

ಕಾಕಾ ಈ ಬೇಸಿಗೆಗೆ ಅಜ್ಜಿ ಮನೆಯ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸುವ ಮಾತಾಡುತ್ತಿದ್ದಾರೆ. ಪ್ರತಿ ಮಳೆಗಾಲಕ್ಕೆ ಮಣ್ಣು ಹಾಕಿಸುವ ಆಳು ಸಿಗುವುದಿಲ್ಲ ಎನ್ನುವ ಅವರ ಕಷ್ಟವೂ ನಿಜ, ತಡೆಯುವ ಧೈರ್ಯ ನನಗಿಲ್ಲ. ಹಾಗಾಗಿ ಕೆಡವುವ ಮುನ್ನ ಮನೆಯನ್ನು ಅಳೆದು ನಕ್ಷೆ ಮಾಡಿಡೋಣ, ಸಂಕ್ರಾಂತಿಗೆ ಬರುವಾಗ ಟೇಪು, ನಕ್ಷೆ ಹಾಳೆ ಎರಡೂ ತಾ. ಟೇಪಿನ ಒಂದು ತುದಿ ನಾನು ಹಿಡಿಯುತ್ತೇನೆ, ಬರೆಯುವುದು ನಿನ್ನ ಕೆಲಸ.

ನಿನ್ನ ಅಣ್ಣ