ಅರ್ಹತಾ ರಾಜ್ಯ: ತೆಲಂಗಾಣ

19 ಏಪ್ರಿಲ್ 2025, ಶನಿವಾರ

ಜೆಇಇ ಮೇನ್ ಫಲಿತಾಂಶ ಬಂತು. ಮಗಳು ಫೋನ್ ಮಾಡಿದಾಗ ಲೇತಿನ ಸದ್ದಿಗೆ ಏನೂ ಕೇಳಲಿಲ್ಲ. ಶೆಡ್ಡಿನಿಂದ ಹೊರಗೆ ಬಂದು, ದಾವಣಗೆರೆಯ ಕರೂರಿನ ಬಿಸಿಲಲ್ಲಿ ನಿಂತು, ರ‍್ಯಾಂಕನ್ನು ಎರಡು ಸಲ ಹೇಳಿಸಿಕೊಂಡೆ. ಸುರತ್ಕಲ್ ಎನ್‌ಐಟಿಯ ಮೆಕ್ಯಾನಿಕಲ್‌ಗೆ ಕಳೆದ ವರ್ಷ ಕರ್ನಾಟಕದ ಪಟ್ಟಿ ಎಲ್ಲಿ ನಿಂತಿತ್ತೋ ಅದಕ್ಕಿಂತ ಒಳಗೇ ಇದ್ದಾಳೆ. ಆ ಸಂಖ್ಯೆ ನನಗೆ ಬಾಯಿಪಾಠ.

ಏಳನೇ ಕ್ಲಾಸಿನಲ್ಲಿದ್ದಾಗ ಕಟೀಲಿಗೆ ಹೋಗಿ ಬರುವ ದಾರಿಯಲ್ಲಿ ಆ ಕಾಲೇಜಿನ ಗೇಟು ನೋಡಿದ್ದಳು. ಆಚೆಗೆ ಸಮುದ್ರ. ಅವತ್ತಿನಿಂದ ಬೇರೆ ಹೆಸರೇ ಹೇಳಿಲ್ಲ. ಹೈದರಾಬಾದಿಗೆ ಕಳಿಸಿದ್ದೂ ಅದಕ್ಕೇ. 2023ರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ, ಚೀಟಿ ಹಣ ಎತ್ತಿ, ಎರಡು ವರ್ಷದ ಇಂಟರ್ ಮತ್ತು ಕೋಚಿಂಗ್ ಎರಡೂ ಒಂದೇ ಕಡೆ ಎಂದು ಸೇರಿಸಿದೆ.

ಸಂಜೆ ಸ್ಕೋರ್ ಕಾರ್ಡ್ ಪ್ರಿಂಟು ತೆಗೆಸಿದೆ. ಅದರಲ್ಲಿ ‘ಅರ್ಹತಾ ರಾಜ್ಯ: ತೆಲಂಗಾಣ’ ಎಂದಿತ್ತು. ಹಾಸ್ಟೆಲ್ಲಿನ ವಿಳಾಸ ಹಾಕಿದ್ದಾಳೆ ಅಂದುಕೊಂಡೆ.

11 ಮೇ, ಭಾನುವಾರ

ಅದು ವಿಳಾಸ ಅಲ್ಲ.

ಮಗಳೇ ನಿಯಮದ ಪುಸ್ತಕ ತೆರೆದು ಓದಿ ಹೇಳಿದಳು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ, ಅರ್ಧ ಹೊರರಾಜ್ಯದವರಿಗೆ. ಯಾವ ರಾಜ್ಯದವರು ಎಂಬುದನ್ನು ಹನ್ನೆರಡನೇ ತರಗತಿ ಎಲ್ಲಿ ಪಾಸಾಯಿತು ಎಂಬುದರಿಂದ ತೀರ್ಮಾನಿಸುತ್ತಾರೆ. ಹುಟ್ಟಿದ ಊರಾಗಲಿ, ತಂದೆತಾಯಿಯ ಮನೆಯಾಗಲಿ ಲೆಕ್ಕಕ್ಕಿಲ್ಲ. ಹರಿಹರದಲ್ಲಿ ಹುಟ್ಟಿ, ಹತ್ತು ವರ್ಷ ಕನ್ನಡದ ನೆಲದಲ್ಲೇ ಓದಿದ ಹುಡುಗಿ ಸುರತ್ಕಲ್‌ಗೆ ಹೊರರಾಜ್ಯದವಳು. ವಾರಂಗಲ್‌ಗೆ ಮನೆಮಗಳು.

ಹೊರರಾಜ್ಯದ ಪಟ್ಟಿ ಸುರತ್ಕಲ್‌ನಲ್ಲಿ ಬಹಳ ಬಿಗಿ. ಅಲ್ಲಿ ಇವಳ ರ‍್ಯಾಂಕಿಗೆ ಮೆಕ್ಯಾನಿಕಲ್ ಇಲ್ಲ.

‘ಗೊತ್ತಿತ್ತೇನವ್ವ ನಿನಗೆ?’ ಅಂದೆ. ‘ಫಾರಂ ತುಂಬೋವಾಗ ಗೊತ್ತಾಯ್ತು ಅಪ್ಪಾಜಿ. ನಿಮಗೆ ಹೇಳಿದ್ರೆ ಊಟ ಬಿಡ್ತೀರಿ ಅಂತ ಸುಮ್ನಿದ್ದೆ’ ಅಂದಳು. ಅಷ್ಟು ತಿಂಗಳು ಅದನ್ನು ಒಬ್ಬಳೇ ಹೊತ್ತುಕೊಂಡು ಓದಿದ್ದಾಳೆ. ರಾತ್ರಿ ನಿದ್ದೆ ಬರಲಿಲ್ಲ.

14 ಮೇ, ಬುಧವಾರ

ಹೈದರಾಬಾದಿಗೆ ಸೇರಿಸುವಾಗ ಕಾಲೇಜಿನ ಪರವಾಗಿ ನಮ್ಮನೆಗೆ ಬಂದು ಮಾತಾಡಿದ್ದವನಿಗೆ ಫೋನ್ ಮಾಡಿದೆ. ‘ಅದು ನೀವು ಕೇಳಬೇಕಿತ್ತು ಸರ್’ ಅಂದ. ಏನು ಕೇಳಬೇಕೆಂದು ಗೊತ್ತಿದ್ದರೆ ಕೇಳುತ್ತಿದ್ದೆ. ನಮ್ಮ ಜಿಲ್ಲೆಯಿಂದ ಮಕ್ಕಳನ್ನು ಬಸ್ಸು ಹತ್ತಿಸುವ ಪ್ರತಿ ತಂದೆತಾಯಿಗೂ, ಹನ್ನೆರಡನೇ ತರಗತಿ ಎಲ್ಲಿ ಪಾಸೋ ಆ ರಾಜ್ಯದವರು ಎಂಬ ಈ ಒಂದು ಸಾಲನ್ನು ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಪಕ್ಕದ ಶೆಡ್ಡಿನವನ ಮಗ ಈಗಷ್ಟೇ ಹತ್ತನೇ ತರಗತಿ ಮುಗಿಸಿದ್ದಾನೆ. ಮಧ್ಯಾಹ್ನ ಅವನನ್ನು ಕೂರಿಸಿಕೊಂಡು, ಚೀಟಿಯಲ್ಲಿ ಬರೆದು ಕೊಟ್ಟೆ.

20 ಮೇ, ಮಂಗಳವಾರ

ಸಿಇಟಿಗೆ ವ್ಯಾಸಂಗ ಪ್ರಮಾಣಪತ್ರ ಬೇಕೆಂದು ಹಳೆಯ ಶಾಲೆಗೆ ಹೋಗಿದ್ದೆ. ಅಲ್ಲಿನ ನಿಯಮ ಬೇರೆ: ಕರ್ನಾಟಕದಲ್ಲಿ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿ ಪಾಸಾಗಿದ್ದರೆ ಸಾಕು. ಅಂದರೆ ಸಿಇಟಿಗೆ ಇವಳು ಕರ್ನಾಟಕದವಳೇ. ಎನ್‌ಐಟಿಗೆ ತೆಲಂಗಾಣದವಳು. ಇನ್ನು ತೆಲಂಗಾಣದ್ದೇ ಆದ ರಾಜ್ಯ ಕಾಲೇಜುಗಳಲ್ಲಿ 371ಡಿ ವಿಧಿಯ ಬಲದಿಂದ ನೂರಕ್ಕೆ 85 ಸೀಟು ಸ್ಥಳೀಯರಿಗೆ. ಸ್ಥಳೀಯ ಎನಿಸಲು ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು. ಇವಳು ಓದಿದ್ದು ಎರಡೇ ವರ್ಷ, ಹಾಗಾಗಿ ಅಲ್ಲಿ ಪರವೂರಿನವಳು. ಒಬ್ಬಳೇ ಹುಡುಗಿಗೆ ಮೂರು ಕಾಗದದಲ್ಲಿ ಮೂರು ಊರು.

ಶೆಡ್ಡಿನಲ್ಲಿ ಹೇಳಿಕೊಂಡಾಗ ನಮ್ಮ ಗ್ರೈಂಡಿಂಗ್ ಹುಡುಗ, ‘ನಮ್ದೂ ಹಂಗೇ ಅಣ್ಣಾ’ ಅಂದ. ಅವನದು ಹರಪನಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದು ನಮ್ಮ ಜಿಲ್ಲೆಯ ತಾಲ್ಲೂಕು. ಆಮೇಲೆ ಬಳ್ಳಾರಿಗೆ ಮರಳಿ 371ಜೆ ಸವಲತ್ತು ಪಡೆಯಿತು, ಈಗ ವಿಜಯನಗರ ಜಿಲ್ಲೆ. ಅವನ ತಂಗಿಗೆ ಕಲ್ಯಾಣ ಕರ್ನಾಟಕದ ಕೋಟಾದಲ್ಲಿ ನರ್ಸಿಂಗ್ ಸಿಕ್ಕಿದೆಯಂತೆ. ‘ಮನಿ ಎಲ್ಲಿತ್ತೋ ಅಲ್ಲೇ ಐತಿ, ಗೆರೆ ಅಷ್ಟ ಸರದೈತಿ’ ಅಂದ. ಅವನ ತಂಗಿಗೆ ಒಳ್ಳೆಯದಾಗಲಿ.

3 ಜೂನ್, ಮಂಗಳವಾರ

ಎನ್‌ಐಟಿ ಸೀಟು ಹಂಚುವ ಜೋಸಾದ ನೋಂದಣಿ ಇವತ್ತು ಶುರು. ಶಾಲೆಯ ಅಂಕಪಟ್ಟಿ, ಇಂಟರ್ ಅಂಕಪಟ್ಟಿ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆವು. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಬೇರೆ ಕವರಿನಲ್ಲಿಟ್ಟೆ. ಎನ್‌ಐಟಿಯಲ್ಲಿ ವರ್ಷದ ಬೋಧನಾ ಶುಲ್ಕ 1,25,000 ರೂಪಾಯಿ. ಮನೆಯ ಆದಾಯ ಒಂದರಿಂದ ಐದು ಲಕ್ಷದೊಳಗಿದ್ದರೆ ಅದರಲ್ಲಿ ಮೂರನೇ ಎರಡು ಭಾಗ ಮಾಫಿ. ಈ ಕಾಗದ ಇಲ್ಲದಿದ್ದರೆ ನಾನು ಈ ಮಾತೇ ಎತ್ತುತ್ತಿರಲಿಲ್ಲ. ಒಳರಾಜ್ಯ, ಹೊರರಾಜ್ಯ ಎಂದು ಶುಲ್ಕದಲ್ಲಿ ಭೇದವಿಲ್ಲ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರರಾಜ್ಯದ ಮಕ್ಕಳಿಗೆ ಎರಡು ಮೂರು ಪಟ್ಟು ಕೇಳುತ್ತಾರೆಂದು ಅಲ್ಲಿರುವ ತಂಗಿಯ ಗಂಡ ಹೇಳಿದ. ನಮ್ಮಂಥವರು ಅಲ್ಲಿ ಏನು ಮಾಡುತ್ತಾರೋ.

ರಾತ್ರಿ ಬೆಂಗಳೂರು ತಂಡ ಐಪಿಎಲ್ ಗೆದ್ದು ಬೀದಿಯೆಲ್ಲ ಪಟಾಕಿ. ಮಗಳು ತಲೆ ಎತ್ತದೆ ಸರ್ಟಿಫಿಕೇಟು ಅಪ್ಲೋಡ್ ಮಾಡುತ್ತಿದ್ದಳು.

8 ಜೂನ್, ಭಾನುವಾರ

ಆಯ್ಕೆಗಳ ಪಟ್ಟಿಗೆ ಇಡೀ ದಿನ ಹೋಯಿತು. ಅಮ್ಮನ ವಾದ: ‘ಊರಲ್ಲೇ ಯುಬಿಡಿಟಿ ಐತಿ, 1951ರಿಂದ ಐತಿ, ಮನಿ ಊಟ ಮಾಡ್ಕೊಂಡು ಓದಲಿ.’ ತಪ್ಪು ಮಾತಲ್ಲ. ಸಿಇಟಿಯಲ್ಲಿ ಅದನ್ನು ಬರೆಯೋಣ ಎಂದುಕೊಂಡಿದ್ದೇವೆ.

ಈ ಅರ್ಧ-ಅರ್ಧ ಲೆಕ್ಕ ಎಲ್ಲಿಂದ ಬಂತು ಎಂದು ಮಗಳನ್ನು ಕೇಳಿದೆ. ಇವೆಲ್ಲ ಮೊದಲು ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜುಗಳು. ವಾರಂಗಲ್ 1959ರದು, ನೆಹರೂ ಅಡಿಗಲ್ಲು ಹಾಕಿದ್ದು. ಸುರತ್ಕಲ್ 1960ರದು, ಶ್ರೀನಿವಾಸ ಮಲ್ಯರ ಶ್ರಮದಿಂದ ಬಂದದ್ದು, ಹಳಬರು ಇನ್ನೂ ಕೆಆರ್‌ಇಸಿ ಅನ್ನುತ್ತಾರೆ. ಕೇಂದ್ರ, ರಾಜ್ಯ ಎರಡೂ ಸೇರಿ ಕಟ್ಟಿದವು, ಅದಕ್ಕೇ ಅರ್ಧ ಸೀಟು ಊರಿನ ಮಕ್ಕಳಿಗೆ, ಅರ್ಧ ದೇಶದ ಉಳಿದ ಮಕ್ಕಳಿಗೆ. ಇದನ್ನು ಕೇಳಿದ ಮೇಲೆ ನಿಯಮದ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಬಿಹಾರದ ಯಾವುದೋ ಫಿಟ್ಟರ್‌ನ ಮಗನೂ ಸುರತ್ಕಲ್‌ನ ಸಮುದ್ರ ನೋಡಬೇಕಲ್ಲ. ನನಗೆ ಹೇಳದೇ ಹೋದರು ಎಂಬ ಸಿಟ್ಟು ಮಾತ್ರ ಹಾಗೇ ಇದೆ.

ಮೊದಲ ಸಾಲಿನಲ್ಲಿ ಸುರತ್ಕಲ್ ಮೆಕ್ಯಾನಿಕಲ್ಲನ್ನೇ ಹಾಕಿದಳು. ‘ಸಿಗಲ್ಲ ಅಂತ ಗೊತ್ತಿದ್ರೂ?’ ಅಂದೆ. ‘ಹಾಕಿದ್ರೆ ಏನೂ ಕಳಕೊಳ್ಳಲ್ಲ ಅಪ್ಪಾಜಿ. ಬೇಕಾದದ್ದನ್ನ ಮೊದಲು ಬರೀಬೇಕು.’ ಎರಡನೆಯದು ವಾರಂಗಲ್ ಮೆಕ್ಯಾನಿಕಲ್. ಮೂರನೆಯದು ವಾರಂಗಲ್‌ನ ಲೋಹಶಾಸ್ತ್ರ, ಅಂದರೆ ಮೆಟಲರ್ಜಿ. ಅದನ್ನು ಯಾಕೆ ಅಷ್ಟು ಮೇಲೆ ಇಟ್ಟಳೋ ನಾನು ಕೇಳಲಿಲ್ಲ.

14 ಜೂನ್, ಶನಿವಾರ

ಮೊದಲ ಸುತ್ತು. ವಾರಂಗಲ್, ಲೋಹಶಾಸ್ತ್ರ, ತವರುರಾಜ್ಯದ ಕೋಟಾ, ಹುಡುಗಿಯರಿಗೆಂದು ಇಟ್ಟ ಸೀಟು. ಫ್ಲೋಟ್ ಒತ್ತಿದ್ದಾಳೆ, ಮೇಲಿನದು ಬಂದರೆ ಬರಲಿ ಎಂದು. ಅವಳಮ್ಮ ದೇವರ ಮುಂದೆ ದೀಪ ಹಚ್ಚಿ, ವಾರಂಗಲ್‌ಗೆ ಎಷ್ಟು ಹೊತ್ತಿನ ದಾರಿ ಎಂದಷ್ಟೇ ಕೇಳಿದಳು. ಕಾಜೀಪೇಟೆಯಲ್ಲಿ ಇಳಿದರೆ ಕಾಲೇಜು ಹತ್ತಿರವಂತೆ ಅಂದೆ.

15 ಜೂನ್, ಭಾನುವಾರ

ಬೆಳಿಗ್ಗೆ ಮಗಳು ನನ್ನ ಜೊತೆ ಕರೂರಿಗೆ ಬಂದಳು. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ತಯಾರಾದ ಆ ಹಳೆಯ ಲೇತನ್ನು ಒರೆಸಿದಳು. ಅವಳ ಅಜ್ಜ ದುಡಿದದ್ದು ಅದೇ ಕಾರ್ಖಾನೆಯಲ್ಲಿ. ಅದು ಮುಚ್ಚಿ ಎರಡು ದಶಕ ಮೀರಿತು, ಲೇತು ಇನ್ನೂ ನಮ್ಮ ಅನ್ನ ದುಡಿಯುತ್ತಿದೆ.

ಸ್ಕ್ರ್ಯಾಪಿನ ಡಬ್ಬದಲ್ಲಿ ಕೈ ಆಡಿಸಿ, ಹೋದ ವಾರ ಹದ ಕೊಡುವಾಗ ಬಿರುಕು ಬಿಟ್ಟ ಇಎನ್8 ಶಾಫ್ಟನ್ನು ಎತ್ತಿಕೊಂಡಳು. ‘ಇದು ಯಾಕೆ ಸೀಳ್ತು ಅಪ್ಪಾಜಿ?’

‘ನೀರಲ್ಲಿ ಅದ್ದಿದ್ವಿ, ಎಣ್ಣೆಯಲ್ಲಿ ಅದ್ದಬೇಕಿತ್ತೇನೋ. ಮೂವತ್ತು ವರ್ಷದಿಂದ ಅಂದಾಜಿನ ಮೇಲೇ ಮಾಡ್ತಿದೀನಿ.’

ಬಿರುಕಿನ ಮೇಲೆ ಉಗುರು ಎಳೆದು ನೋಡಿ, ಒಂದು ಗೇಣು ಉದ್ದಕ್ಕೆ ಕತ್ತರಿಸಿ ಕೊಡಲು ಹೇಳಿದಳು. ಹ್ಯಾಕ್ಸಾದಲ್ಲಿ ಕೊಯ್ದು ಕೊಟ್ಟೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದಾಳೆ.