ಹೆಸರೊಂದು, ಜೀವವೆರಡು

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದ ಕಾಲದಲ್ಲಿ ನನಗೆ ನಾನಾರ್ಥವರ್ಗದ ಮೇಲೆ ಬಲು ಪ್ರೀತಿ. ಶಬ್ದವೊಂದೇ, ಅರ್ಥಗಳು ಹಲವು. ‘ಹರಿ’ ಎಂದೊಡನೆ ವಿಷ್ಣುವೂ ಸಿಂಹವೂ ಕಪಿಯೂ ಕಣ್ಣ ಮುಂದೆ ಬಂದು ನಿಲ್ಲುವುವು. ಕೋಶದಲ್ಲಿ ಕಲಿತ ಈ ವಿವೇಕವನ್ನು ತರಗತಿಯಲ್ಲಿ ಮರೆತಿದ್ದೆನೆಂಬುದು, ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬೋಧಿಸುವ ನನ್ನ ಮಗಳು ಮೊನ್ನೆ ಒಂದು ಬಸವನಹುಳುವಿನ ವೃತ್ತಾಂತವನ್ನು ಹೇಳಿದಾಗ ಹೊಳೆಯಿತು.

ಇದು ನಮ್ಮ ಹಿತ್ತಿಲಿನಲ್ಲಿ ತೆವಳುವ ಹುಳುವಲ್ಲ. ಧ್ರುವಪ್ರದೇಶದ ತಣ್ಣೀರಿನಲ್ಲಿ ಪ್ರವಾಹದೊಡನೆ ತೇಲುತ್ತ ಬಾಳುವ ಜೀವಿ. ಲಿಮಾಸಿನಾ ಹೆಲಿಸಿನಾ ಎಂದು ಇದರ ಶಾಸ್ತ್ರೀಯ ನಾಮ. ಕೊತ್ತಂಬರಿ ಬೀಜದಷ್ಟು ಗಾತ್ರ, ಗಾಜಿನಂತಹ ತೆಳುವಾದ ಎಡಸುಳಿಯ ಚಿಪ್ಪು. ಪಾದವೇ ಎರಡು ರೆಕ್ಕೆಗಳಾಗಿ ಮಾರ್ಪಟ್ಟಿರುವುದರಿಂದ ಇದನ್ನು ಕಡಲಚಿಟ್ಟೆಯೆಂದೂ ಕರೆಯುವರು. ಲೋಳೆಯ ಬಲೆಯನ್ನು ಹರಡಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವುದು. ತಾನು ಮೀನು ತಿಮಿಂಗಿಲಗಳಿಗೆ ಆಹಾರವಾಗುವುದು. 1773ರಲ್ಲಿ ಉತ್ತರಧ್ರುವದ ಕಡೆಗೆ ಯಾತ್ರೆ ಹೊರಟ ಆಂಗ್ಲ ನಾವಿಕ ಫಿಪ್ಸನು ಮರುವರ್ಷ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವರ್ಣಿಸಿದನು. ದಕ್ಷಿಣಧ್ರುವದ ಕಡಲಿನಲ್ಲಿಯೂ ಇಂತಹದೇ ಹುಳು ಕಾಣಿಸಿತು. ರೂಪಸಾಮ್ಯವನ್ನು ನಂಬಿದ ಪಂಡಿತರು ಬಹುಕಾಲ ಎರಡನ್ನೂ ಒಂದೇ ಜಾತಿಯೆಂದು, ಹೆಚ್ಚೆಂದರೆ ಅದರ ಅವಾಂತರಭೇದಗಳೆಂದು ಎಣಿಸಿದರು.

2010ರಲ್ಲಿ ವಿಜ್ಞಾನಿಗಳು ಎರಡರ ವಂಶವಾಹಿಯೊಂದನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರು. ನೂರಕ್ಕೆ 33ಕ್ಕೂ ಹೆಚ್ಚು ಅಕ್ಷರಗಳು ಬೇರೆ! ಇವು ಕವಲೊಡೆದು ಕೋಟ್ಯಂತರ ವರ್ಷಗಳಾಗಿರಬೇಕೆಂದು ಅವರ ಎಣಿಕೆ. ಒಂದೇ ಹೆಸರಿನಡಿಯಲ್ಲಿ ಎರಡು ವಂಶಗಳು ಅಡಗಿದ್ದುವು.

“ಹೆಸರಿನಲ್ಲೇನಿದೆ ಮಗೂ, ಹುಳುವಂತೂ ಅದೇ ತಾನೆ?” ಎಂದೆನು.

“ಹಾಗಲ್ಲ ಅಪ್ಪ,” ಎಂದಳು. ನಾವು ಉರಿಸುವ ಇದ್ದಲು ಎಣ್ಣೆಗಳ ಅಂಗಾರಾಮ್ಲವನ್ನು ಕಡಲು ಹೀರಿದಷ್ಟೂ ಚಿಪ್ಪು ಕಟ್ಟಿಕೊಳ್ಳಲು ಬೇಕಾದ ದ್ರವ್ಯವು ನೀರಿನಲ್ಲಿ ಕಡಮೆಯಾಗುವುದಂತೆ. 2008ರಲ್ಲಿ ದಕ್ಷಿಣ ಸಾಗರದಲ್ಲಿ ಹಿಡಿದ ಹುಳುಗಳ ಚಿಪ್ಪು ಜೀವವಿರುವಾಗಲೇ ಕರಗತೊಡಗಿದ್ದಿತು. ಆ ವರದಿ 2012ರಲ್ಲಿ ಪ್ರಕಟವಾಯಿತು. “ಎರಡೂ ಒಂದೇ ಎಂದುಕೊಂಡರೆ, ಒಂದು ಅಳಿದರೂ ಇನ್ನೊಂದಿದೆಯೆಂದು ಸುಮ್ಮನಿದ್ದುಬಿಡುತ್ತೇವೆ.”

ಆ ಮಾತು ನನ್ನನ್ನು ನಾಟಿತು. ನನ್ನ ತರಗತಿಯಲ್ಲಿ ಒಮ್ಮೆ ಇಬ್ಬರು ದಾಯಾದಿ ಹುಡುಗರಿದ್ದರು. ಒಂದೇ ಮನೆತನದ ಹೆಸರು, ಒಂದೇ ಮುಖದ ಕಳೆ. ನಾನು ಒಬ್ಬನನ್ನು ಕರೆದರೆ ಇನ್ನೊಬ್ಬನು ಎದ್ದು ನಿಲ್ಲುತ್ತಿದ್ದನು, ಎಲ್ಲರೂ ನಗುತ್ತಿದ್ದೆವು. ಒಂದು ಮಳೆಗಾಲದಲ್ಲಿ ಅವರಲ್ಲೊಬ್ಬನು ಶಾಲೆ ಬಿಟ್ಟನು. ಇತರ ಹುಡುಗರು ಬಿಟ್ಟಾಗ ಮನೆಗೆ ಹೋಗಿ ಹಿರಿಯರಿಗೆ ಹೇಳಿ ಕರೆತಂದವನು ನಾನು. ಅಂದೇಕೋ ಹೋಗಲಿಲ್ಲ. ಆ ಮುಖವು ಎದುರಿಗೆ ಕುಳಿತೇ ಇದ್ದಿತಲ್ಲ!

ಉಳಿದವನು ಓದಿ ದೊಡ್ಡ ಕೆಲಸಕ್ಕೆ ಸೇರಿದನು. ಈಗಲೂ ಕಾಗದ ಬರೆಯುತ್ತಾನೆ. ಹೋದವನ ಹೆಸರನ್ನು ನೆನೆಯಲು ರಾತ್ರಿಯೆಲ್ಲ ಯತ್ನಿಸಿದೆನು. ಬಾಯಿಗೆ ಬಂದುದು ಉಳಿದವನ ಹೆಸರೇ.